ಮೆದುಳಿನ ಗಡ್ಡೆಗೆ ಎಂಆರ್‌ಐ: ಚೀಟಿ ಕೈಗೆ ಬಂದಲ್ಲಿಂದ ರಿಪೋರ್ಟ್ ಓದುವ ತನಕ

ಎಂಆರ್‌ಐ ಕೋಣೆಯ ಗಾಜಿನ ಈ ಕಡೆ ಕೂತು ಮೆಷಿನ್ ನಡೆಸುವವನು ನಾನು. ದಿನಾ ನೋಡುವ ದೃಶ್ಯ ಒಂದಿದೆ. ಕೌಂಟರ್ ಹತ್ತಿರ ಮನೆಯವರು ನಾಲ್ಕು ಜನ, ಕೈಯಲ್ಲಿ ಮುದುರಿದ ಚೀಟಿ. ಚೀಟಿಯಲ್ಲಿ ‘ಎಂಆರ್‌ಐ ಬ್ರೇನ್’ ಅಂತ ಎರಡೇ ಪದ. ಏನು ತೊಂದರೆ ಅಂತ ಕೇಳಿದರೆ “ತಲೆನೋವು ಸಾರ್” ಅನ್ನುತ್ತಾರೆ. ಇನ್ನೆರಡು ಪ್ರಶ್ನೆ ಕೇಳಿದ ಮೇಲೆ ನಿಜ ವಿಷಯ ಹೊರಗೆ ಬರುತ್ತದೆ. ಎರಡು ವರ್ಷದ ಹಿಂದೆ ತಲೆಗೆ ಆಪರೇಷನ್ ಆಗಿದೆ. ಆಗಿನ ಸ್ಕ್ಯಾನ್ ಊರಲ್ಲಿ, ಬೀರುವಿನ ಮೇಲಿದೆ.

ಆ ಬೀರುವಿನ ಮೇಲಿನ ಕವರ್ ನಮಗೆ ಇಲ್ಲಿ ಬೇಕಿತ್ತು. ಮೆದುಳಿನ ಗಡ್ಡೆಯ ವಿಚಾರದಲ್ಲಿ ಮೆಷಿನ್ ಎಷ್ಟೇ ದೊಡ್ಡದಿರಲಿ, ನಾವು ಏನು ಹುಡುಕಬೇಕು ಅನ್ನುವುದು ನೀವು ತಂದ ಮಾಹಿತಿಯ ಮೇಲೆ ನಿಂತಿರುತ್ತದೆ. ಚಿಕಿತ್ಸೆ ಏನು ಅಂತ ಹೇಳುವುದು ನಿಮ್ಮ ಡಾಕ್ಟರ ಕೆಲಸ, ನನ್ನದಲ್ಲ. ಆದರೆ ಸ್ಕ್ಯಾನ್ ವ್ಯರ್ಥ ಆಗದಂತೆ ಮಾಡಿಸಿಕೊಳ್ಳುವುದು ಹೇಗೆ ಅಂತ ಹೇಳಬಲ್ಲೆ.

1. ಮೊದಲು: ಈಗ ಬೇಕಾಗಿರುವುದು ಎಂಆರ್‌ಐ ಹೌದಾ?

ರೋಗಿಗೆ ಎಚ್ಚರ ತಪ್ಪುತ್ತಿದ್ದರೆ, ಫಿಟ್ಸ್ ನಿಲ್ಲದಿದ್ದರೆ, ತಲೆನೋವಿನ ಜೊತೆ ವಾಂತಿ ಆಗಿ ಮಂಕು ಕವಿಯುತ್ತಿದ್ದರೆ ಎಂಆರ್‌ಐ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಎಮರ್ಜೆನ್ಸಿಗೆ ಹೋಗಿ. ಅಲ್ಲಿ ಮೊದಲು ಸಿಟಿ ಸ್ಕ್ಯಾನ್ ಮಾಡುತ್ತಾರೆ. ಅದು ಕೆಲವೇ ನಿಮಿಷದ ಕೆಲಸ. ರಕ್ತಸ್ರಾವ ಇದೆಯಾ, ಒಳಗೆ ನೀರು ತುಂಬಿಕೊಂಡಿದೆಯಾ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಇಷ್ಟು ಅವಸರ ಇಲ್ಲದಿದ್ದಾಗ ಎಂಆರ್‌ಐ. ದೊಡ್ಡವರಾದ ಮೇಲೆ ಮೊದಲ ಸಲ ಫಿಟ್ಸ್ ಬಂದರೆ, ಒಂದು ಕಡೆ ಕೈಕಾಲು ನಿಧಾನಕ್ಕೆ ಸೋಲುತ್ತಾ ಬಂದರೆ, ಮಾತು ತಡವರಿಸಿದರೆ, ಬೆಳಿಗ್ಗೆ ಎದ್ದಾಗ ಜಾಸ್ತಿಯಾಗುವ ತಲೆನೋವು ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಾಕ್ಟರು ಇದನ್ನು ಬರೆಯುತ್ತಾರೆ. ಎಲ್ಲ ತಲೆನೋವಿಗೂ ಬೇಕಿಲ್ಲ. ಸುಮ್ನೆ ಸಮಾಧಾನಕ್ಕೆ ಮಾಡಿಸಿ, ಏನೋ ಒಂದು ಚಿಕ್ಕ ಚುಕ್ಕೆ ಕಂಡು, ಅದಕ್ಕೆ ಆರು ತಿಂಗಳು ನಿದ್ದೆ ಕೆಟ್ಟವರನ್ನೂ ನೋಡಿದ್ದೇನೆ.

2. ಚೀಟಿಯನ್ನು ಓದಿ, ಸಾಲದಿದ್ದರೆ ವಾಪಸ್ ಕೇಳಿ

‘ಎಂಆರ್‌ಐ ಬ್ರೇನ್’ ಅನ್ನುವುದು ಹೋಟೆಲಿನಲ್ಲಿ ‘ಊಟ’ ಅಂದಂತೆ. ಯಾವ ಊಟ ಅಂತ ಹೇಳಬೇಕಲ್ಲ. ಗಡ್ಡೆಯ ಸಂಶಯ ಇದ್ದರೆ ಚೀಟಿಯಲ್ಲಿ ‘ವಿತ್ ಕಾಂಟ್ರಾಸ್ಟ್’ ಅಂತ ಇರಬೇಕು. ನಮ್ಮಲ್ಲಿ ಜನ ಡೈ ಇಂಜೆಕ್ಷನ್ ಅನ್ನುತ್ತಾರಲ್ಲ, ಅದೇ. ಪಿಟ್ಯುಟರಿ ಗ್ರಂಥಿಯ ಗಡ್ಡೆ ಅಂತ ಅನುಮಾನ ಇದ್ದರೆ ಹಾಗೆಂದೇ ಬರೆದಿರಬೇಕು. ಆ ಗ್ರಂಥಿ ಕಡಲೆಕಾಳಿನಷ್ಟು, ಅದಕ್ಕೆ ತೆಳುವಾದ ಚಿತ್ರಗಳನ್ನು ಬೇರೆ ರೀತಿಯಲ್ಲಿ ತೆಗೆಯಬೇಕು. ಕಿವಿ ಮಂದವಾಗಿ ಒಳಗೆ ಗುಂಯ್ ಅನ್ನುತ್ತಿದೆ, ಕಿವಿಯ ನರದ ಗಡ್ಡೆಯೇ ಅಂತ ನೋಡಬೇಕು ಅಂದರೆ ಅದಕ್ಕೂ ಬೇರೆ ವಿಧಾನ.

ಇನ್ನೊಂದು ವಿಷಯ. ಇದು ಗೊತ್ತಿಲ್ಲದೆ ಎಷ್ಟೋ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಆಪರೇಷನ್ ಆಗುವ ಸಾಧ್ಯತೆ ಇದ್ದರೆ ಸರ್ಜನ್ ಹತ್ತಿರ ಮೊದಲೇ ಕೇಳಿ: “ನ್ಯಾವಿಗೇಷನ್‌ಗೆ ಆಗುವ ಹಾಗೆ ಸ್ಕ್ಯಾನ್ ಬೇಕಾ?” ಮಾಮೂಲಿ ಸ್ಕ್ಯಾನಿನಲ್ಲಿ ಮೆದುಳನ್ನು ಸುಮಾರು 5 ಮಿಲಿಮೀಟರ್ ದಪ್ಪದ ಹೋಳುಗಳಾಗಿ ನೋಡುತ್ತೇವೆ. ಆಪರೇಷನ್ ಟೇಬಲ್ಲಿನ ಮೇಲೆ ದಾರಿ ತೋರಿಸುವ ನ್ಯಾವಿಗೇಷನ್ ಮೆಷಿನ್ನಿಗೆ ಅದು ಸಾಲುವುದಿಲ್ಲ. ಅದಕ್ಕೆ ಸುಮಾರು 1 ಮಿಲಿಮೀಟರಿನ ತ್ರೀಡಿ ಚಿತ್ರ ಬೇಕು. ಕೇಳದೆ ಮಾಡಿಸಿದರೆ ಆಪರೇಷನ್ನಿನ ಹಿಂದಿನ ದಿನ ಮತ್ತೆ ಅದೇ ಮೆಷಿನ್ನು, ಅದೇ ಸೂಜಿ, ಅದೇ ಬಿಲ್ಲು.

ಬಿಲ್ಲು ಅಂದಾಗ ನೆನಪಾಯಿತು. ಫೋನಿನಲ್ಲಿ ರೇಟು ಕೇಳುವಾಗ ಡೈ ದುಡ್ಡು ಸೇರಿದೆಯಾ, ಪರ್ಫ್ಯೂಷನ್, ಸ್ಪೆಕ್ಟ್ರೋಸ್ಕೋಪಿ ಅನ್ನುವ ಹೆಚ್ಚಿನ ಪರೀಕ್ಷೆ ಬೇಕಾದರೆ ಬೇರೆಯಾ, ಸಿಡಿ ಕೊಡುತ್ತೀರಾ ಅಂತ ಒಟ್ಟಿಗೇ ಕೇಳಿ.

3. ಮನೆಯಿಂದ ಹೊರಡುವ ಮುಂಚೆ

ಹಳೆಯ ಸ್ಕ್ಯಾನ್ ಎಲ್ಲವನ್ನೂ ತನ್ನಿ. ಫಿಲ್ಮು ಮಾತ್ರ ಅಲ್ಲ, ಸಿಡಿ. ಫಿಲ್ಮಿನಲ್ಲಿ ಇರುವುದು ನಾವು ಆರಿಸಿ ಅಚ್ಚು ಹಾಕಿದ ಕೆಲವು ಚಿತ್ರ. ಸಿಡಿಯಲ್ಲಿ ನೂರಾರು ಇರುತ್ತವೆ. ಅವನ್ನು ದೊಡ್ಡದು ಮಾಡಿ, ಅಳತೆ ತೆಗೆದು, ಹೊಸದರ ಪಕ್ಕ ಇಟ್ಟು ನೋಡಬಹುದು. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಮಾಡಿದರೆ ನಿಮ್ಮ ಮಾವನ ಕಿಟಕಿಯ ಸರಳುಗಳೂ ಕಾಣುತ್ತವೆ, ಗಡ್ಡೆ ಒಂದನ್ನು ಬಿಟ್ಟು.

ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆಯ ರಿಪೋರ್ಟ್ ಇರಲಿ, ಅದರಲ್ಲೂ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರಿಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ನುಂಗುತ್ತಿರುವ ಮಾತ್ರೆಗಳ ಪಟ್ಟಿ ತನ್ನಿ. ಡೆಕ್ಸಾಮೆಥಸೋನ್ ಥರದ ಸ್ಟೀರಾಯ್ಡ್ ಶುರುವಾಗಿದ್ದರೆ ಯಾವತ್ತಿನಿಂದ ಅಂತ ಹೇಳಲೇಬೇಕು. ಅದು ಗಡ್ಡೆಯ ಸುತ್ತಲಿನ ಊತವನ್ನು ಇಳಿಸುತ್ತದೆ, ಡೈ ಹೀರುವುದನ್ನೂ ಕಡಿಮೆ ಮಾಡುತ್ತದೆ. ಲಿಂಫೋಮಾ ಅನ್ನುವ ಗಡ್ಡೆಯಂತೂ ಸ್ಟೀರಾಯ್ಡಿಗೆ ಕರಗಿ ಚಿತ್ರದಿಂದಲೇ ಮಾಯವಾಗಬಹುದು. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ, ತಿಳಿಸಿದರೆ ಸಾಕು. ಫಿಟ್ಸ್ ಮಾತ್ರೆಯನ್ನಂತೂ ಸ್ಕ್ಯಾನಿನ ದಿನವೂ ತಪ್ಪಿಸಬಾರದು.

ಹೊಟ್ಟೆ ಖಾಲಿ ಎಷ್ಟು ಹೊತ್ತು ಇರಬೇಕು ಅನ್ನುವುದು ಸೆಂಟರಿನಿಂದ ಸೆಂಟರಿಗೆ ಬೇರೆ. ಮಗುವಿಗೋ ತುಂಬಾ ಹೆದರುವವರಿಗೋ ನಿದ್ದೆ ಬರುವ ಔಷಧಿ ಕೊಟ್ಟು ಮಾಡುವುದಾದರೆ ಉಪವಾಸ ಕಡ್ಡಾಯ. ಫೋನ್ ಮಾಡಿ ಕೇಳಿ.

4. ಲೋಹ: ಇಲ್ಲಿ ದಾಕ್ಷಿಣ್ಯ ಬೇಡ

ನಮ್ಮ ಮೆಷಿನ್ ಅಂದರೆ ಒಂದು ದೊಡ್ಡ ಅಯಸ್ಕಾಂತ. 1.5 ಟೆಸ್ಲಾ ಅಥವಾ 3 ಟೆಸ್ಲಾ ಅಂತ ಕೇಳಿರುತ್ತೀರಿ. 1.5 ಅಂದರೂ ಭೂಮಿಯ ಅಯಸ್ಕಾಂತ ಶಕ್ತಿಯ ಸುಮಾರು 30,000 ಪಟ್ಟು. ಅದು ಸ್ಕ್ಯಾನ್ ನಡೆಯುವಾಗ ಮಾತ್ರ ಆನ್ ಆಗುವುದಲ್ಲ. ರಾತ್ರಿ ಬೀಗ ಹಾಕಿ ಹೋದಾಗಲೂ, ಕರೆಂಟು ಹೋದಾಗಲೂ ಆನ್ ಇರುತ್ತದೆ. 2018ರಲ್ಲಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದ ಯುವಕನೊಬ್ಬ ಸಿಲಿಂಡರ್ ಸಮೇತ ಮೆಷಿನ್ನಿಗೆ ಎಳೆಯಲ್ಪಟ್ಟು ಸತ್ತ. ರೋಗಿ ಅಲ್ಲ ಅವನು, ರೋಗಿಯ ಸಂಬಂಧಿಕ.

ಹೇಳಲೇಬೇಕಾದವು: ಪೇಸ್‌ಮೇಕರ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಕಾಕ್ಲಿಯರ್ ಇಂಪ್ಲಾಂಟ್, ಮೂಳೆಗೆ ಹಾಕಿದ ರಾಡು. ಇವೆಲ್ಲ ಇದ್ದರೆ ಸ್ಕ್ಯಾನ್ ಆಗುವುದೇ ಇಲ್ಲ ಅಂತಲ್ಲ. ಈಗಿನ ಎಷ್ಟೋ ಪೇಸ್‌ಮೇಕರ್‌ಗಳು ಕೆಲವು ಷರತ್ತಿನ ಮೇಲೆ ಎಂಆರ್‌ಐಗೆ ಒಗ್ಗುತ್ತವೆ. ಹಾಕಿದಾಗ ಕೊಟ್ಟ ಕಾರ್ಡ್ ತನ್ನಿ, ಅದರ ಮೇಲಿನ ಮಾಡೆಲ್ ನಂಬರ್ ನಮಗೆ ಬೇಕು. ವೆಲ್ಡಿಂಗ್, ಲೇತ್ ಕೆಲಸ ಮಾಡಿದವರು, ಕಣ್ಣಿಗೆ ಕಬ್ಬಿಣದ ಚೂರು ಬಿದ್ದಿದ್ದವರು ಅದನ್ನೂ ಹೇಳಿ.

ಇನ್ನು ಮೈಮೇಲಿನದು. ಬಂಗಾರವನ್ನು ಅಯಸ್ಕಾಂತ ಎಳೆಯುವುದಿಲ್ಲ, ನಿಜ. ಆದರೂ ಬಿಚ್ಚಿಸುತ್ತೇವೆ. ಲೋಹ ಬಿಸಿಯಾಗಬಹುದು, ತಲೆಯ ಹತ್ತಿರದ್ದು ಚಿತ್ರ ಕೆಡಿಸುತ್ತದೆ. “ತಾಳಿ ಬಿಚ್ಚಬಾರದು” ಅನ್ನುವ ಅಮ್ಮಂದಿರ ಸಂಕಟ ಅರ್ಥವಾಗುತ್ತದೆ. ಎಷ್ಟೋ ಜನ ಮನೆಯಿಂದಲೇ ಅರಿಶಿನದ ದಾರ ಕಟ್ಟಿಕೊಂಡು ಬರುತ್ತಾರೆ, ಅದು ಒಳ್ಳೆಯ ಉಪಾಯ. ನಮಗೆ ತಾಳಿಗಿಂತ ಭಯ ಹುಟ್ಟಿಸುವುದು ಅದಕ್ಕೆ ಸಿಕ್ಕಿಸಿಕೊಂಡ ಮೂರು ಸೇಫ್ಟಿ ಪಿನ್ನು. ಒಂದು ಸಲ ಬಟ್ಟೆ ಬದಲಿಸಿ, ಎಲ್ಲ ಪರೀಕ್ಷೆ ಮುಗಿದು ಟೇಬಲ್ ಮೇಲೆ ಮಲಗಿಸಿದ ಮೇಲೆ ಜಡೆಯೊಳಗಿನಿಂದ ಒಂದು ಪಿನ್ನು ನಿಧಾನಕ್ಕೆ ತಲೆ ಎತ್ತಿ ನಿಂತಿದ್ದನ್ನು ಕಂಡಿದ್ದೇನೆ. ಅಂದಿನಿಂದ ಜಡೆ ಬಿಚ್ಚಿಸದೆ ಯಾರನ್ನೂ ಒಳಗೆ ಬಿಟ್ಟಿಲ್ಲ. ಉಡಿದಾರ, ಕಾಲುಂಗುರ, ಮೂಗುತಿ, ತಾಯಿತ, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು, ಎಟಿಎಂ ಕಾರ್ಡು, ಎಲ್ಲ ಹೊರಗೆ. ವರ್ಷಗಟ್ಟಲೆ ತೆಗೆಯದ ಮೂಗುತಿ ಇದ್ದರೆ ಹಿಂದಿನ ದಿನವೇ ಅಕ್ಕಸಾಲಿಗರ ಹತ್ತಿರ ಬಿಚ್ಚಿಸಿ.

5. ಮೆಷಿನ್ನಿನ ಒಳಗೆ

ತಲೆಗೆ ಪಂಜರದಂಥ ಒಂದು ಕಾಯಿಲ್ ಹಾಕುತ್ತೇವೆ. ಕಿವಿಗೆ ಹತ್ತಿ ಅಥವಾ ಪ್ಲಗ್, ಕೈಗೆ ಒಂದು ರಬ್ಬರ್ ಬಲ್ಬು. ಕಷ್ಟವಾದರೆ ಅದನ್ನು ಅಮುಕಿ, ನಿಲ್ಲಿಸುತ್ತೇವೆ. ಗಡ್ಡೆಯ ಸ್ಕ್ಯಾನಿಗೆ 30ರಿಂದ 45 ನಿಮಿಷ ಹಿಡಿಯುತ್ತದೆ, ಹೆಚ್ಚಿನ ಪರೀಕ್ಷೆ ಇದ್ದರೆ ಇನ್ನೂ ಜಾಸ್ತಿ. ಟಕಟಕ, ಗರ್‌ಗರ್ ಅಂತ ಶಬ್ದ ಬರುವಾಗೆಲ್ಲ ಚಿತ್ರ ತೆಗೆಯುತ್ತಿದ್ದೇವೆ ಅಂತ ಅರ್ಥ, ಆಗ ಅಲುಗಾಡಬಾರದು. ಶಬ್ದ ನಿಂತಾಗ ಉಗುಳು ನುಂಗಿ, ಕೆಮ್ಮಿ.

ಇಕ್ಕಟ್ಟಿಗೆ ಹೆದರುವವರಿಗೆ ಒಂದೇ ಕಿವಿಮಾತು. ಒಳಗೆ ಹೋಗುವ *ಮುಂಚೆಯೇ* ಕಣ್ಣು ಮುಚ್ಚಿ, ಹೊರಗೆ ಬರುವ ತನಕ ತೆರೆಯಬೇಡಿ. ಒಳಗೆ ಹೋಗಿ ಒಮ್ಮೆ ಕಣ್ಣು ಬಿಟ್ಟು ಮೂಗಿನ ಮುಂದಿನ ಗೋಡೆ ನೋಡಿದರೆ ಆಮೇಲೆ ಕಷ್ಟ. ಮನೆಯವರೊಬ್ಬರು ಕಾಲ ಹತ್ತಿರ ಕೂತಿರಬಹುದು, ಅವರ ಮೈಮೇಲೂ ಲೋಹ ಇಲ್ಲದಿದ್ದರೆ. ಪಾದ ಹಿಡಿದು ಕೂತರೆ ಎಷ್ಟೋ ಧೈರ್ಯ. ಇದರಲ್ಲಿ ಎಕ್ಸ್‌ರೇ ಥರದ ವಿಕಿರಣ ಇಲ್ಲ, ಹಾಗಾಗಿ ಪದೇಪದೇ ಮಾಡಿಸಿದರೂ ಆ ಭಯ ಬೇಡ.

6. ಡೈ ಏನು ಮಾಡುತ್ತದೆ

ಇದು ಸಿಟಿಯ ಡೈ ಅಲ್ಲ. ಸಿಟಿಯಲ್ಲಿ ಅಯೋಡಿನ್, ಇಲ್ಲಿ ಗ್ಯಾಡೋಲಿನಿಯಂ. ಸಾಮಾನ್ಯವಾಗಿ ಕೆಜಿಗೆ 0.1 ಮಿಲಿಮೋಲ್ ಲೆಕ್ಕ. ಮಾಮೂಲಿ ಸಾಂದ್ರತೆಯ ಔಷಧಿಯಲ್ಲಿ 60 ಕೆಜಿಯವರಿಗೆ 12 ಎಂಎಲ್. ಕೈಗೆ ತಣ್ಣಗೆ ಹರಿದಂತಾಗುತ್ತದೆ, ಕೆಲವರಿಗೆ ಒಂದು ಕ್ಷಣ ವಾಕರಿಕೆ. ಅಲರ್ಜಿ ಅಪರೂಪ. ಕಿಡ್ನಿ ತೀರಾ ಕೆಟ್ಟವರಲ್ಲಿ ಕೆಲವು ಹಳೆಯ ಬಗೆಯ ಗ್ಯಾಡೋಲಿನಿಯಂನಿಂದ ಚರ್ಮ ಗಟ್ಟಿಯಾಗುವ ಕಾಯಿಲೆ ಬರುತ್ತದೆ ಅಂತ 2006ರಲ್ಲಿ ಗೊತ್ತಾಯಿತು. ಕ್ರಿಯಾಟಿನಿನ್ ಕೇಳುವುದು ಅದಕ್ಕೇ. ಗರ್ಭಿಣಿ ಆಗಿದ್ದರೆ, ಆಗಿರಬಹುದು ಅಂತ ಅನುಮಾನ ಇದ್ದರೂ, ಮೊದಲೇ ಹೇಳಿ.

ಮೆದುಳಿನ ರಕ್ತನಾಳಗಳಿಗೆ ಒಂದು ಬಿಗಿ ಕಾವಲು ಇದೆ. ರಕ್ತದಲ್ಲಿರುವುದೆಲ್ಲ ಮೆದುಳಿಗೆ ಇಳಿಯದಂತೆ ತಡೆಯುವುದು ಅದೇ. ಗಡ್ಡೆ ಬೆಳೆದ ಕಡೆ ಆ ಕಾವಲು ಮುರಿದಿದ್ದರೆ ಡೈ ಸೋರಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ರಿಪೋರ್ಟಿನಲ್ಲಿ ಅದನ್ನೇ ಎನ್‌ಹ್ಯಾನ್ಸ್‌ಮೆಂಟ್ ಅನ್ನುವುದು.

ಜನ ಎಡವುವುದು ಇಲ್ಲೇ. ಹೊಳೆಯಿತು ಅಂದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ. ಮೆದುಳಿನ ಹೊದಿಕೆಯಿಂದ ಬೆಳೆಯುವ ಮೆನಿಂಜಿಯೋಮಾ ದೀಪದಂತೆ ಹೊಳೆಯುತ್ತದೆ, ಅದು ಬಹುಪಾಲು ಸಾಧುವಾದ ಗಡ್ಡೆ. ಹೊಳೆಯಲಿಲ್ಲ ಅಂದರೆ ನಿರಾಳವೂ ಅಲ್ಲ. ಮೆದುಳಿನ ಒಳಗೇ ಹುಟ್ಟುವ ಗ್ಲಯೋಮಾ ಅನ್ನುವ ಗಡ್ಡೆಗಳಲ್ಲಿ ನಿಧಾನಕ್ಕೆ ಬೆಳೆಯುವ ಕೆಲವು ಡೈಯನ್ನು ಮುಟ್ಟುವುದೇ ಇಲ್ಲ.

7. ಒಂದೇ ತಲೆ, ಬೇರೆ ಬೇರೆ ಚಿತ್ರ ಯಾಕೆ?

ಟಿ1 ಅನ್ನುವ ಚಿತ್ರದಲ್ಲಿ ರಚನೆ ಚೆನ್ನಾಗಿ ಕಾಣುತ್ತದೆ. ಟಿ2ರಲ್ಲಿ ನೀರು ಬೆಳ್ಳಗೆ. ಫ್ಲೇರ್ ಅನ್ನುವುದರಲ್ಲಿ ಮೆದುಳಿನ ಸಹಜ ನೀರನ್ನು ಕಪ್ಪು ಮಾಡಿ ಊತವನ್ನು ಮಾತ್ರ ಬೆಳ್ಳಗೆ ಉಳಿಸುತ್ತೇವೆ. ಡಿಫ್ಯೂಷನ್ ಅಂದರೆ ನೀರಿನ ಕಣಗಳಿಗೆ ಓಡಾಡಲು ಜಾಗ ಇದೆಯಾ ಅಂತ ನೋಡುವುದು. ಕೀವು ಗಟ್ಟಿಯಾಗಿ ತುಂಬಿದ್ದರೆ ಜಾಗ ಇರುವುದಿಲ್ಲ, ಜೀವಕೋಶಗಳು ಸಂತೆಯಂತೆ ಒತ್ತೊತ್ತಾಗಿದ್ದರೂ ಇರುವುದಿಲ್ಲ. ಪರ್ಫ್ಯೂಷನ್ ಅಂದರೆ ಗಡ್ಡೆಗೆ ಎಷ್ಟು ರಕ್ತ ಹರಿಯುತ್ತಿದೆ ಅನ್ನುವ ಲೆಕ್ಕ. ಸ್ಪೆಕ್ಟ್ರೋಸ್ಕೋಪಿ ಚಿತ್ರವೇ ಅಲ್ಲ, ಆ ಜಾಗದ ರಾಸಾಯನಿಕಗಳನ್ನು ತೋರಿಸುವ ಏರಿಳಿತದ ಒಂದು ಗೆರೆ. ಗಡ್ಡೆಯಲ್ಲಿ ಸಾಮಾನ್ಯವಾಗಿ ಕೋಲಿನ್ ಏರಿರುತ್ತದೆ, ಆರೋಗ್ಯವಂತ ನರಕೋಶದ ಗುರುತಾದ ಎನ್‌ಎಎ ಇಳಿದಿರುತ್ತದೆ.

ಗಡ್ಡೆಗಳ ಕೋಶ ಮತ್ತು ಸಾಮಾನ್ಯ ಕೋಶ ಅಯಸ್ಕಾಂತದಲ್ಲಿ ಬೇರೆ ಬೇರೆ ಥರ ವರ್ತಿಸುತ್ತವೆ ಅಂತ ರೇಮಂಡ್ ಡಮಾಡಿಯನ್ 1971ರಲ್ಲಿ ಇಲಿಗಳ ಅಂಗಾಂಶದಲ್ಲಿ ತೋರಿಸಿದ್ದರು. ಅದನ್ನು ಚಿತ್ರವಾಗಿಸಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್‌ಗೆ 2003ರಲ್ಲಿ ನೊಬೆಲ್ ಬಂತು, ಡಮಾಡಿಯನ್‌ಗೆ ಬರಲಿಲ್ಲ. ಆ ಜಗಳ ದೊಡ್ಡದು, ಇಲ್ಲಿ ಬೇಡ.

8. ರಿಪೋರ್ಟ್ ಕೈಗೆ ಬಂದಾಗ

ಕೊನೆಯಲ್ಲಿರುವ ‘ಇಂಪ್ರೆಷನ್’ ಮೊದಲು ಓದಿ. ‘ಸ್ಪೇಸ್ ಆಕ್ಯುಪೈಯಿಂಗ್ ಲೀಷನ್’ ಅಂದರೆ ಜಾಗ ಹಿಡಿದು ಕೂತಿರುವ ಏನೋ ಒಂದು. ಅಷ್ಟೇ. ಅದು ಗಡ್ಡೆ, ಕೀವು, ಹುಳ, ಏನೂ ಆಗಿರಬಹುದು. ‘ಇಂಟ್ರಾ ಆಕ್ಸಿಯಲ್’ ಅಂದರೆ ಮೆದುಳಿನ ಒಳಗಿನದು, ‘ಎಕ್ಸ್‌ಟ್ರಾ ಆಕ್ಸಿಯಲ್’ ಅಂದರೆ ಹೊರಗಿನಿಂದ ಒತ್ತುತ್ತಿರುವುದು. ‘ಮಿಡ್‌ಲೈನ್ ಶಿಫ್ಟ್’ ಎದುರಿಗೆ ಮಿಲಿಮೀಟರ್ ಲೆಕ್ಕ ಇದ್ದರೆ ಮೆದುಳಿನ ನಡುಗೆರೆ ಅಷ್ಟು ಪಕ್ಕಕ್ಕೆ ಸರಿದಿದೆ ಅಂತ. ಅದನ್ನೋ ‘ಹೈಡ್ರೋಸೆಫಲಸ್’ (ಮೆದುಳಿನೊಳಗೆ ನೀರು ತುಂಬಿಕೊಂಡಿರುವುದು) ಅನ್ನುವ ಪದವನ್ನೋ ಕಂಡರೆ ಸೋಮವಾರದ ಒಪಿಡಿಗೆ ಕಾಯದೆ ಅವತ್ತೇ ಡಾಕ್ಟರಿಗೆ ತೋರಿಸಿ.

ಫಿಲ್ಮನ್ನು ನೋಡುವಾಗ ಒಂದು ಮಾತು. ರೋಗಿಯ ಬಲಗಡೆ ಫಿಲ್ಮಿನಲ್ಲಿ ನಿಮ್ಮ ಎಡಗಡೆಗೆ ಇರುತ್ತದೆ, ಎದುರು ನಿಂತವರ ಮುಖ ನೋಡಿದಂತೆ. “ಬಲಗೈ ಸೋತಿದೆ, ಗಡ್ಡೆಯೂ ಬಲಕ್ಕೇ ಇದೆಯಲ್ಲ” ಅಂತ ಗಾಬರಿಯಾಗಿ ಬಂದವರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ. ಫಿಲ್ಮಿನ ಬಲಕ್ಕೆ ಕಂಡದ್ದು ರೋಗಿಯ ಎಡ ಮೆದುಳು. ಬಲಗೈಯನ್ನು ಆಡಿಸುವುದು ಅದೇ.

9. ಉಂಗುರ ಕಂಡರೆ

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ನಮ್ಮ ದೇಶದಲ್ಲಿ ಇದು ಅಷ್ಟು ಮುಖ್ಯ.

‘ರಿಂಗ್ ಎನ್‌ಹ್ಯಾನ್ಸಿಂಗ್ ಲೀಷನ್’ ಅಂತ ಗೂಗಲ್ ಮಾಡಿದರೆ ಗ್ಲಯೋಬ್ಲಾಸ್ಟೋಮಾ ಅನ್ನುವ ಕೆಟ್ಟ ಕ್ಯಾನ್ಸರ್ ಮೊದಲೇ ಬರುತ್ತದೆ. ಅದು ಉಂಗುರವಾಗಿ ಕಾಣುವುದು ನಿಜ: ನಡುವೆ ಸತ್ತ ಭಾಗ, ಸುತ್ತ ದಪ್ಪ, ಅಂಕುಡೊಂಕು ಅಂಚು. ಬೇರೆ ಅಂಗದ ಕ್ಯಾನ್ಸರ್ ಮೆದುಳಿಗೆ ಹರಡಿದಾಗಲೂ ಉಂಗುರಗಳು ಕಾಣಬಹುದು, ಹಲವು ಸಲ ಒಂದಕ್ಕಿಂತ ಹೆಚ್ಚು. ಆದರೆ ಫಿಟ್ಸ್ ಬಂದ ಹರೆಯದ ಹುಡುಗನ ತಲೆಯಲ್ಲಿ ಒಂದೇ ಒಂದು ಚಿಕ್ಕ ಉಂಗುರ ಕಂಡರೆ ಭಾರತದ ರೇಡಿಯಾಲಜಿಸ್ಟ್ ಮೊದಲು ಯೋಚಿಸುವುದು ಎರಡನ್ನು: ಲಾಡಿಹುಳುವಿನ ಮರಿ ಅಥವಾ ಟಿಬಿ ಗಂಟು.

ಹುಳದ್ದಾದರೆ ಉಂಗುರದೊಳಗೆ ಒಂದು ಬದಿಗೆ ಚುಕ್ಕೆ ಕಾಣಬಹುದು, ಅದು ಮರಿಹುಳದ ತಲೆ. ವೆಲ್ಲೂರಿನ ಸಿಎಂಸಿಯ ವೈದ್ಯರು 1990ರ ದಶಕದಲ್ಲೇ ಸಿಟಿ ಚಿತ್ರಗಳನ್ನು ನೋಡಿ ಒಂದು ಗಡಿ ಹೇಳಿದ್ದರು. ಹುಳದ ಗಂಟು ಸಾಮಾನ್ಯವಾಗಿ 20 ಮಿಲಿಮೀಟರಿನ ಒಳಗೆ, ದುಂಡಗೆ, ನಡುಗೆರೆಯನ್ನು ತಳ್ಳುವುದಿಲ್ಲ. ಟಿಬಿ ಗಂಟು ಹೆಚ್ಚಾಗಿ ಅದಕ್ಕಿಂತ ದೊಡ್ಡದು, ಒರಟು ಅಂಚಿನದು. ಸ್ಪೆಕ್ಟ್ರೋಸ್ಕೋಪಿಯಲ್ಲಿ ಕೊಬ್ಬಿನ ಗೆರೆ ಎದ್ದು ಕಂಡರೆ ಟಿಬಿಯ ಕಡೆ ಅನುಮಾನ ವಾಲುತ್ತದೆ. ಉಂಗುರದ ನಡುಭಾಗ ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ ಹೊಳೆದು, ಅದರ ಜೋಡಿಯಾದ ಎಡಿಸಿ ಚಿತ್ರದಲ್ಲಿ ಕಪ್ಪಾದರೆ ಕೀವುಗಡ್ಡೆಯ ಸಾಧ್ಯತೆ ಹೆಚ್ಚು. ಅದಕ್ಕೆ ಚಿಕಿತ್ಸೆ ತಡ ಮಾಡುವಂತಿಲ್ಲ.

“ನಾವು ಮಾಂಸ ಮುಟ್ಟುವವರಲ್ಲ, ನಮಗೆ ಹುಳ ಹೇಗೆ ಬಂತು?” ಅಂತ ಅಂಥ ಒಬ್ಬ ಹುಡುಗನ ತಂದೆ ನನ್ನ ಮೇಲೆ ಸಿಟ್ಟೇ ಆದರು. ತಲೆಗೆ ಹೋಗುವುದು ಮಾಂಸದೊಳಗಿನ ಹುಳ ಅಲ್ಲ. ಆ ಹುಳದ ಮೊಟ್ಟೆ ಹೊಟ್ಟೆಗೆ ಹೋಗಿ, ಅದರಿಂದ ಹೊರಬಂದ ಮರಿ. ಮೊಟ್ಟೆ ತೊಳೆಯದ ಸೊಪ್ಪು, ಕೊಳಕು ನೀರು, ಕೊಳಕು ಕೈ, ಇವುಗಳಿಂದ ಬರುತ್ತದೆ. ಆ ಹುಡುಗನ ಉಂಗುರ ಮುಂದಿನ ಸ್ಕ್ಯಾನಿಗೆ ಚಿಕ್ಕದಾಗಿ, ಅದರ ಮುಂದಿನದಕ್ಕೆ ಬರೀ ಸುಣ್ಣದ ಚುಕ್ಕೆಯಾಗಿತ್ತು.

ಇಷ್ಟೆಲ್ಲ ಇದ್ದರೂ ಎಂಆರ್‌ಐ ಊಹೆಯೇ. ಚೆನ್ನಾಗಿ ಕಲಿತವರ ಊಹೆ, ಆದರೂ ಊಹೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಲ್ಲಿ ಎಷ್ಟೋ ಗ್ಲಯೋಮಾಗಳ ಹೆಸರು ನಿರ್ಧಾರ ಆಗುವುದೇ ಐಡಿಎಚ್‌ನಂಥ ಜೀನ್ ಪರೀಕ್ಷೆಯಿಂದ. ಅದಕ್ಕೆ ಗಡ್ಡೆಯ ಚೂರು ಬೇಕು.

10. ಆಪರೇಷನ್ನಿಗೆ ಮುಂಚೆ, ಆಪರೇಷನ್ ಆದ ಮೇಲೆ

ಗಡ್ಡೆ ಮಾತಿನ ಜಾಗದ ಹತ್ತಿರ ಇದ್ದರೆ ಫಂಕ್ಷನಲ್ ಎಂಆರ್‌ಐ ಮಾಡಿಸಬಹುದು. ಒಳಗೆ ಮಲಗಿ ಬೆರಳು ಆಡಿಸಿ, ಮನಸ್ಸಿನಲ್ಲೇ ಪದ ಹುಡುಕಿ ಅನ್ನುತ್ತೇವೆ. ಕೆಲಸ ಮಾಡುವ ಭಾಗಕ್ಕೆ ರಕ್ತ ಜಾಸ್ತಿ ಹರಿದು ಅದು ಚಿತ್ರದಲ್ಲಿ ಎದ್ದು ಕಾಣುತ್ತದೆ. ರೋಗಿ ಎಡಗೈಯವರಾ, ಮನೆಯಲ್ಲಿ ತುಳುವಾ, ಕೊಂಕಣಿಯಾ, ಉರ್ದುವಾ ಅಂತ ಮೊದಲೇ ಹೇಳಿ. ಬಾರದ ಭಾಷೆಯಲ್ಲಿ ಪದ ಹುಡುಕು ಅಂದರೆ ಯಾವ ಮೆದುಳು ತಾನೇ ಸರಿಯಾಗಿ ಬೆಳಗೀತು?

ಗ್ಲಯೋಮಾ ತೆಗೆದ ಮೇಲೆ 24ರಿಂದ 72 ಗಂಟೆಯೊಳಗೆ ಇನ್ನೊಂದು ಎಂಆರ್‌ಐ ಕೇಳುತ್ತಾರೆ. “ನಿನ್ನೆ ತಾನೇ ತಲೆ ತೆರೆದರು, ಈಗಲೇ ಯಾಕೆ?” ಅನ್ನಿಸುತ್ತದೆ, ಅಲ್ವಾ? ಕಾರಣ ಇದೆ. ಕೆಲವು ದಿನ ಕಳೆದರೆ ಗಾಯ ಮಾಯುವ ಭಾಗವೂ ಡೈ ಹೀರಿ ಹೊಳೆಯಲು ಶುರುಮಾಡುತ್ತದೆ. ಆಮೇಲೆ ಉಳಿದ ಗಡ್ಡೆ ಯಾವುದು, ಗಾಯ ಯಾವುದು ಅಂತ ಬೇರೆ ಮಾಡುವುದು ಕಷ್ಟ.

ಗ್ಲಯೋಬ್ಲಾಸ್ಟೋಮಾಕ್ಕೆ ರೇಡಿಯೇಷನ್ ಮುಗಿದ ಮೇಲಿನ ಮೊದಲ ಸ್ಕ್ಯಾನಿನಲ್ಲಿ ಗಡ್ಡೆ *ದೊಡ್ಡದಾದಂತೆ* ಕಾಣಬಹುದು. ಮೊದಲ ಮೂರು ತಿಂಗಳಲ್ಲಿ ಇದು ಚಿಕಿತ್ಸೆಯ ಪರಿಣಾಮದ ಊತ ಇದ್ದೀತು. ಡಾಕ್ಟರುಗಳ ಭಾಷೆಯಲ್ಲಿ ಸೂಡೋ ಪ್ರೋಗ್ರೆಷನ್, ಅಂದರೆ ಸುಳ್ಳು ಬೆಳವಣಿಗೆ. ಅದಕ್ಕೇ ರೇಡಿಯೇಷನ್ ನಂತರದ ಆ ಸ್ಕ್ಯಾನನ್ನೇ ಹೊಸ ಶುರುವಾತು ಅಂತ ಇಟ್ಟುಕೊಂಡು ಮುಂದಿನವನ್ನು ಅದಕ್ಕೆ ಹೋಲಿಸಬೇಕು ಅಂತ ಚಿಕಿತ್ಸೆಗೆ ಗಡ್ಡೆ ಹೇಗೆ ಸ್ಪಂದಿಸಿದೆ ಅಂತ ಅಳೆಯಲು ತಜ್ಞರು ಮಾಡಿದ 2023ರ ರಾನೋ ನಿಯಮಗಳು ಹೇಳುತ್ತವೆ. ರೇಡಿಯೇಷನ್ ಯಾವ ದಿನ ಮುಗಿಯಿತು ಅಂತ ಚೀಟಿಯ ಮೇಲೆ ಬರೆಸಿ. ಆ ಒಂದು ತಾರೀಕು ಇಲ್ಲದೆ ರಿಪೋರ್ಟ್ ಬರೆಯುವವರಿಗೆ ಕತ್ತಲಲ್ಲಿ ತಡಕಾಡಿದಂತೆ.

ಸಾಧ್ಯವಾದರೆ ಪ್ರತಿ ಸಲ ಅದೇ ಸೆಂಟರಿಗೆ ಹೋಗಿ. ಆಗದಿದ್ದರೆ ಸಿಡಿ ಒಯ್ಯಿರಿ. ರಾಯಚೂರಿನಿಂದ ರಾತ್ರಿ ಬಸ್ಸು ಹತ್ತಿ ನಿಮ್ಹಾನ್ಸ್‌ಗೆ ಹೋಗುವವರು ಬಟ್ಟೆಗಿಂತ ಮೊದಲು ಸಿಡಿ ಬ್ಯಾಗಿಗೆ ಹಾಕಿಕೊಳ್ಳಬೇಕು. ಸಿಡಿ ಗೀರು ಬಿದ್ದು ಹಾಳಾಗುತ್ತದೆ, ಒಂದು ಪೆನ್‌ಡ್ರೈವಿಗೂ ಕಾಪಿ ಮಾಡಿಡಿ. ಫೋಲ್ಡರಿಗೆ ಸ್ಕ್ಯಾನ್ ಮಾಡಿಸಿದ ತಾರೀಕನ್ನೇ ಹೆಸರಾಗಿ ಕೊಡಿ.

ನಮ್ಮಲ್ಲಿಗೆ ವರ್ಷಕ್ಕೊಮ್ಮೆ ಒಬ್ಬರು ಅಜ್ಜಿ ಬರುತ್ತಾರೆ. ಕೈಯಲ್ಲಿ ಸೀರೆ ಅಂಗಡಿಯ ಬಟ್ಟೆ ಚೀಲ, ಅದರಲ್ಲಿ ಆರು ಸಿಡಿ. ಪ್ರತಿ ಕವರಿನ ಮೇಲೂ ಮೊಮ್ಮಗಳ ಕೈಬರಹದಲ್ಲಿ ತಾರೀಕು. ಕಳೆದ ಸಲ ನಮ್ಮ ರೇಡಿಯಾಲಜಿಸ್ಟ್ ಆರನ್ನೂ ಹಾಕಿ, ಹೊಸದನ್ನು ಪಕ್ಕಕ್ಕಿಟ್ಟು ಅಳೆದರು. ಮೆನಿಂಜಿಯೋಮಾ ಆರು ವರ್ಷದಲ್ಲಿ ಒಂದು ಮಿಲಿಮೀಟರ್ ಬೆಳೆದಿತ್ತು. ಅದೂ ಅಳತೆಯ ಹೆಚ್ಚುಕಡಿಮೆ ಇದ್ದೀತು ಅಂದರು. “ಹಂಗಾದ್ರೆ ನಾನು ಹೊರಡ್ಲಾ? ಐದೂವರೆ ಬಸ್ಸು ತಪ್ಪಿದ್ರೆ ಮತ್ತೆ ಏಳಕ್ಕೇ” ಅಂದವರೇ ಅಜ್ಜಿ ಏಳನೇ ಸಿಡಿಯನ್ನು ಚೀಲಕ್ಕೆ ಸೇರಿಸಿಕೊಂಡು ಎದ್ದರು.